‘ಸ್ಮಾರ್ಟ್ ಕಾಂಟ್ರ್ಯಾಕ್ಟ್’ ಎಂದರೇನು? ಕಬ್ಬು ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು

(ಕಬ್ಬು ಅಭಿವೃದ್ಧಿ ಅಧಿಕಾರಿಯವರಿಂದ)



ಕಬ್ಬಿನ ನೋಂದಣಿ, ಕಟಿಂಗ್ ಆರ್ಡರ್, ತೂಕದ ವಿವರ, ಬ್ಯಾಂಕಿಗೆ ಹಣ ಜಮಾ ಆದ ಸುದ್ದಿ ಇವೆಲ್ಲ ಇಂದು ಅನೇಕ ಸಕ್ಕರೆ ಕಾರ್ಖಾನೆಗಳಲ್ಲಿ ಮೊಬೈಲ್ ಫೋನಿನ ಮೂಲಕವೇ ನಡೆಯುತ್ತಿರುವುದು ತಮಗೆಲ್ಲ ತಿಳಿದ ವಿಷಯ. ಇದರ ಮುಂದಿನ ಹೆಜ್ಜೆಯಾಗಿ ಕರಾರನ್ನೇ ಕಂಪ್ಯೂಟರಿಗೆ ಒಪ್ಪಿಸಿಬಿಡುವ ಮಾತು ಈಗ ಕೇಳಿಬರುತ್ತಿದೆ. ಇದಕ್ಕೆ ‘ಸ್ಮಾರ್ಟ್ ಕಾಂಟ್ರ್ಯಾಕ್ಟ್’ ಎಂದು ಹೆಸರು. ಇದು ಬಂದರೆ ಕಬ್ಬಿನ ಹಣ ತಡವಾಗುವುದಿಲ್ಲ ಎನ್ನುವವರಿದ್ದಾರೆ. ಯಂತ್ರದ ಕೈಗೆ ಜುಟ್ಟು ಕೊಟ್ಟಂತಾಗುತ್ತದೆ ಎನ್ನುವವರೂ ಇದ್ದಾರೆ. ಎರಡು ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದುದರಿಂದ ಈ ಹೊಸ ಬಗೆಯ ಕರಾರು ಎಂದರೇನು, ನಮ್ಮ ಹಳೆಯ ಕರಾರು ಕಾನೂನಿಗೂ ಇದಕ್ಕೂ ಇರುವ ಸಂಬಂಧವೇನು, ಬೆಳೆಗಾರರು ಯಾವುದನ್ನು ಒಪ್ಪಬಹುದು, ಯಾವುದನ್ನು ಒಪ್ಪಬಾರದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ತಾನೇ ನಡೆಯುವ ಕರಾರು

ಹಿಂದೆ ರೈಲ್ವೆ ನಿಲ್ದಾಣಗಳಲ್ಲಿ ತೂಕ ನೋಡುವ ಯಂತ್ರಗಳಿದ್ದವು. ಮೇಲೆ ನಿಂತು ನಾಣ್ಯ ಹಾಕಿದರೆ ತೂಕ ಅಚ್ಚಾದ ಚೀಟಿ ಹೊರಗೆ ಬೀಳುತ್ತಿತ್ತು. ಅಲ್ಲಿ ಗುಮಾಸ್ತನಿಲ್ಲ, ಚೌಕಾಸಿಯಿಲ್ಲ, ನಾಳೆ ಬಾ ಎನ್ನುವ ಮಾತಿಲ್ಲ. ನಾಣ್ಯ ಬಿದ್ದರೆ ಚೀಟಿ, ಬೀಳದಿದ್ದರೆ ಇಲ್ಲ. ನಿಕ್ ಸಾಬೊ ಎಂಬ ಕಂಪ್ಯೂಟರ್ ತಜ್ಞರು 1994ರಲ್ಲಿ ‘ಸ್ಮಾರ್ಟ್ ಕಾಂಟ್ರ್ಯಾಕ್ಟ್’ ಎಂಬ ಹೆಸರನ್ನು ಬಳಕೆಗೆ ತಂದರು. ನಾಣ್ಯ ಹಾಕಿದರೆ ಸರಕು ಕೊಡುವ ಇಂಥ ಯಂತ್ರವನ್ನೇ ಅವರು ಇದಕ್ಕೆ ಉದಾಹರಣೆಯಾಗಿ ತೋರಿಸಿದರು. ಕರಾರಿನ ಷರತ್ತುಗಳನ್ನು ‘ಹೀಗಾದರೆ ಹೀಗೆ ಮಾಡು’ ಎಂಬ ಆಜ್ಞೆಗಳಾಗಿ ಕಂಪ್ಯೂಟರಿಗೆ ಬರೆದಿಡುವುದು, ಷರತ್ತು ಪೂರೈಸಿದ ಕೂಡಲೇ ಯಾರ ಅಪ್ಪಣೆಗೂ ಕಾಯದೆ ಹಣ ಸಂದಾಯವಾಗುವುದು, ಇಷ್ಟೇ ಇದರ ಮೂಲ ತತ್ತ್ವ.

ಇಂಥ ಕರಾರುಗಳನ್ನು ಸಾಮಾನ್ಯವಾಗಿ ‘ಬ್ಲಾಕ್‌ಚೈನ್’ ಎಂಬ ಲೆಕ್ಕದ ಪುಸ್ತಕದಲ್ಲಿ ಇಡುತ್ತಾರೆ. ಊರಿನ ಲೆಕ್ಕದ ಪುಸ್ತಕ ಒಬ್ಬ ಕರಣಿಕನ ಮನೆಯಲ್ಲಿದ್ದರೆ ತಿದ್ದಿದ್ದು ಯಾರಿಗೂ ತಿಳಿಯುವುದಿಲ್ಲ. ಅದೇ ಪುಸ್ತಕದ ಒಂದೊಂದು ಪ್ರತಿ ನೂರು ಮನೆಗಳಲ್ಲಿದ್ದು, ಹೊಸ ಸಾಲು ಬರೆಯುವಾಗಲೆಲ್ಲ ಎಲ್ಲ ಪ್ರತಿಗಳಲ್ಲೂ ಬರೆಯಬೇಕಾದರೆ ಕಳ್ಳತನದಿಂದ ತಿದ್ದುವುದು ಬಹಳ ಕಷ್ಟ. ಬ್ಲಾಕ್‌ಚೈನ್ ಎಂದರೆ ಕಂಪ್ಯೂಟರುಗಳ ನಡುವೆ ಇಟ್ಟ ಇಂಥ ಪುಸ್ತಕ. 2015ರ ಜುಲೈಯಲ್ಲಿ ಆರಂಭವಾದ ‘ಇಥೀರಿಯಂ’ ಎಂಬ ಜಾಲ ಈ ಕರಾರುಗಳನ್ನು ಜಗತ್ತಿನಾದ್ಯಂತ ಬಳಕೆಗೆ ತಂದಿತು. ನಮ್ಮ ದೇಶದಲ್ಲಿ ಕಾಫಿ ಮಂಡಳಿಯು 2019ರ ಮಾರ್ಚಿಯಲ್ಲಿ ಬ್ಲಾಕ್‌ಚೈನ್ ಆಧಾರದ ಕಾಫಿ ಮಾರುಕಟ್ಟೆಯೊಂದನ್ನು ಪ್ರಾಯೋಗಿಕವಾಗಿ ಆರಂಭಿಸಿತ್ತು. ಕೃಷಿಗೆ ಇದು ತೀರ ದೂರದ ಮಾತಲ್ಲ.

ಕಾನೂನು ಏನು ಕೇಳುತ್ತದೆ?

ನಮ್ಮ ದೇಶದ ಎಲ್ಲ ಕರಾರುಗಳಿಗೂ ಆಧಾರ 1872ನೇ ಇಸವಿಯ ಭಾರತ ಕರಾರು ಕಾಯಿದೆ. ಅದರ 10ನೇ ಸೆಕ್ಷನ್ನಿನಂತೆ ಒಪ್ಪಂದವು ಕರಾರಾಗಲು ಮುಖ್ಯವಾಗಿ ಈ ನಾಲ್ಕು ಇರಬೇಕು:

1. ಎರಡೂ ಕಡೆಯವರ ಮುಕ್ತ ಒಪ್ಪಿಗೆ.
2. ಕರಾರು ಮಾಡಿಕೊಳ್ಳುವವರಿಗೆ ಅರ್ಹತೆ. ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲಾರರು.
3. ಕೊಡುವುದಕ್ಕೆ ಪ್ರತಿಯಾಗಿ ಪಡೆಯುವ ನ್ಯಾಯವಾದ ಪ್ರತಿಫಲ.
4. ಕಾನೂನಿಗೆ ವಿರುದ್ಧವಲ್ಲದ ಉದ್ದೇಶ.

ಒಪ್ಪಿಗೆ ಎಂದರೇನೆಂಬುದನ್ನು 13ನೇ ಸೆಕ್ಷನ್ ಹೇಳುತ್ತದೆ: ಇಬ್ಬರೂ ಒಂದೇ ಸಂಗತಿಯನ್ನು ಒಂದೇ ಅರ್ಥದಲ್ಲಿ ಒಪ್ಪಿರಬೇಕು. ಇದು ನಮ್ಮ ಪ್ರದೇಶದವರು ವಿಶೇಷವಾಗಿ ಗಮನಿಸಬೇಕಾದ ಮಾತು. ತೇನಿ, ಕಂಬಂ, ದಿಂಡಿಗಲ್ ಕಡೆಯ ಅನೇಕ ಮನೆಗಳಲ್ಲಿ ಮಾತು ಕನ್ನಡ, ಕಾಗದಪತ್ರ ತಮಿಳು ಅಥವಾ ಇಂಗ್ಲಿಷ್. ಇನ್ನು ಕಂಪ್ಯೂಟರ್ ಆಜ್ಞೆಗಳು ಈ ಮೂರರಲ್ಲಿ ಯಾವ ಭಾಷೆಯೂ ಅಲ್ಲ. ಅದನ್ನು ಬರೆದ ತಜ್ಞನ ಹೊರತು ಕಾರ್ಖಾನೆಯ ಅಧಿಕಾರಿಗೂ ಅದು ಓದಲು ಬಾರದು. ಮೋಸದಿಂದಲೋ ತಪ್ಪು ವಿವರಣೆಯಿಂದಲೋ ಒಪ್ಪಿಗೆ ಪಡೆದಿದ್ದರೆ ಕರಾರನ್ನು ರದ್ದುಪಡಿಸಿಕೊಳ್ಳುವ ಹಕ್ಕು 19ನೇ ಸೆಕ್ಷನ್ನಿನಲ್ಲಿದೆ. ಆದರೆ ಅದೇ ಸೆಕ್ಷನ್ನಿನ ವಿನಾಯಿತಿಯಂತೆ, ಸಾಧಾರಣ ಎಚ್ಚರದಿಂದ ವಿಚಾರಿಸಿದ್ದರೆ ಸತ್ಯ ತಿಳಿಯುವಂತಿದ್ದ ಕೆಲವು ಸಂದರ್ಭಗಳಲ್ಲಿ ಈ ಹಕ್ಕು ಸಿಗುವುದಿಲ್ಲ. ಆದುದರಿಂದ ‘ನನಗೆ ಓದಲು ಬರುತ್ತಿರಲಿಲ್ಲ’ ಎಂಬ ಮಾತನ್ನೇ ನಂಬಿಕೊಂಡು ಕೂರಬಾರದು. ಸಹಿಗೆ ಮೊದಲೇ ತಮ್ಮ ಮಾತಿನಲ್ಲಿ ಓದಿಸಿ ಕೇಳಬೇಕು.

ಫೋನಿನಲ್ಲಿ ಒತ್ತಿದ್ದು ಸಹಿಯೇ?

ಹೌದು, ಬಹುಮಟ್ಟಿಗೆ. ಕಾಗದವೂ ಶಾಯಿಯೂ ಇಲ್ಲದ ಮಾತ್ರಕ್ಕೆ ಕರಾರು ಬೀಳುವುದಿಲ್ಲ. ಬೋಡಿನಾಯಕನೂರಿನಲ್ಲಿ ಸಾಂಬಾರ ಮಂಡಳಿಯ ಏಲಕ್ಕಿ ಇ-ಹರಾಜನ್ನು ನೋಡಿದವರಿಗೆ ಇದು ಗೊತ್ತು. ವ್ಯಾಪಾರಿ ಗುಂಡಿ ಒತ್ತಿದಂತೆ ಬೆಲೆ ಏರುತ್ತದೆ, ಕೊನೆಗೆ ಒತ್ತಿದವನಿಗೆ ಮಾಲು. 1930ರ ಸರಕು ಮಾರಾಟ ಕಾಯಿದೆಯ 64ನೇ ಸೆಕ್ಷನ್ನು, ಸುತ್ತಿಗೆಯ ಪೆಟ್ಟಿನಿಂದಲೋ ರೂಢಿಯ ಬೇರೆ ರೀತಿಯಿಂದಲೋ ಹರಾಜು ಮುಗಿಯಿತೆಂದು ಸಾರಿದಾಗ ಮಾರಾಟ ಪೂರ್ಣವಾಗುತ್ತದೆ ಎನ್ನುತ್ತದೆ. ಸುತ್ತಿಗೆಯ ಜಾಗಕ್ಕೆ ಗುಂಡಿ ಬಂತು, ಕಾನೂನು ಅದೇ ಉಳಿಯಿತು.

2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರಲ್ಲಿ ತಿದ್ದುಪಡಿ ಮಾಡಿ 10ಎ ಸೆಕ್ಷನ್ ಸೇರಿಸಲಾಯಿತು. ಅದು 2009ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ವಿದ್ಯುನ್ಮಾನ ರೂಪದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಕರಾರನ್ನು ಅನೂರ್ಜಿತವೆನ್ನುವಂತಿಲ್ಲ ಎಂಬುದು ಅದರ ಸಾರ. ಇ-ಮೇಲ್ ಪತ್ರಗಳಿಂದಲೇ ಕರಾರು ಏರ್ಪಡಬಹುದೆಂದು ಸುಪ್ರೀಂ ಕೋರ್ಟು 2010ರಲ್ಲಿ ಟ್ರೈಮೆಕ್ಸ್ ಮತ್ತು ವೇದಾಂತ ಕಂಪನಿಗಳ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ಅದೇ ಕಾಯಿದೆಯ 11ನೇ ಸೆಕ್ಷನ್ನಿನಂತೆ ತಾವೇ ಕಳಿಸಿದ್ದು, ತಮ್ಮಿಂದ ಅಧಿಕಾರ ಪಡೆದವರು ಕಳಿಸಿದ್ದು, ತಮ್ಮ ಪರವಾಗಿ ತಾನಾಗಿ ಕೆಲಸ ಮಾಡುವಂತೆ ಏರ್ಪಡಿಸಿದ ಕಂಪ್ಯೂಟರ್ ಕಳಿಸಿದ್ದು, ಮೂರೂ ತಮ್ಮದೇ ಎಂದು ಲೆಕ್ಕ. ಕಾರ್ಖಾನೆಗೂ ಇದು ಅನ್ವಯಿಸುತ್ತದೆ. ‘ಅದು ಕಂಪ್ಯೂಟರ್ ಮಾಡಿದ್ದು, ನಾವಲ್ಲ’ ಎಂದು ಕಾರ್ಖಾನೆ ಜಾರಿಕೊಳ್ಳುವಂತಿಲ್ಲ. ‘ಅದು ಮಗ ಒತ್ತಿದ್ದು, ನಾನಲ್ಲ’ ಎಂದು ಫೋನನ್ನೂ ಓ.ಟಿ.ಪಿ.ಯನ್ನೂ ಮಗನ ಕೈಗಿತ್ತ ತಂದೆ ಜಾರಿಕೊಳ್ಳುವುದೂ ಸುಲಭವಲ್ಲ. ಓ.ಟಿ.ಪಿ. ಕೊಡುವುದೆಂದರೆ ಹೆಬ್ಬೆಟ್ಟು ಒತ್ತಿದಂತೆ ಎಂದು ತಿಳಿಯತಕ್ಕದ್ದು.

ಯಂತ್ರ ಕಾಣುವುದು ಎಷ್ಟು?

ಕಂಪ್ಯೂಟರಿಗೆ ಹೊಲ ಕಾಣುವುದಿಲ್ಲ. ಯಾರೋ ಕೊಟ್ಟ ಅಂಕಿ ಮಾತ್ರ ಕಾಣುತ್ತದೆ. ಕಬ್ಬಿನ ಕರಾರಿನಲ್ಲಿ ಆ ಅಂಕಿ ಕೊಡುವುದು ವೇ ಬ್ರಿಡ್ಜ್ ಮತ್ತು ಪ್ರಯೋಗಶಾಲೆ. ವೇ ಬ್ರಿಡ್ಜ್ ತಪ್ಪು ತೂಗಿದರೆ ತಿದ್ದಲಾಗದ ಪುಸ್ತಕದಲ್ಲಿ ತಪ್ಪೇ ಶಾಶ್ವತವಾಗಿ ಕೂರುತ್ತದೆ. ಬ್ಲಾಕ್‌ಚೈನ್ ಬಂದರೆ ತೂಕದ ಮೋಸ ನಿಲ್ಲುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬರೆದ ಅಂಕಿಯನ್ನು ಆಮೇಲೆ ತಿದ್ದುವುದು ನಿಲ್ಲಬಹುದು, ಮೊದಲೇ ತಪ್ಪು ಬರೆಯುವುದು ನಿಲ್ಲುವುದಿಲ್ಲ. ಅದಕ್ಕೆ 2009ರ ಕಾನೂನುಬದ್ಧ ಮಾಪನ ಕಾಯಿದೆಯ ಪರಿಶೀಲನೆ, ಮುದ್ರೆ, ಇನ್ಸ್‌ಪೆಕ್ಟರ ಕಣ್ಣು ಇವೇ ಗತಿ.

ಹವಾಮಾನ ಆಧಾರಿತ ಬೆಳೆ ವಿಮೆಯನ್ನು ನೋಡಿ. 2007ರ ಮುಂಗಾರಿನಲ್ಲಿ ಕರ್ನಾಟಕದಲ್ಲಿ ಇದರ ಪ್ರಯೋಗ ಆರಂಭವಾಯಿತು. ಬೆಳೆ ಎಷ್ಟು ಹಾಳಾಯಿತೆಂದು ಯಾರೂ ಹೊಲಕ್ಕೆ ಬಂದು ನೋಡುವುದಿಲ್ಲ. ಗೊತ್ತುಮಾಡಿದ ಹವಾಮಾನ ಕೇಂದ್ರದಲ್ಲಿ ಮಳೆ ಇಷ್ಟಕ್ಕಿಂತ ಕಡಿಮೆಯೆಂದು ದಾಖಲಾದರೆ ಪರಿಹಾರ, ಇಲ್ಲದಿದ್ದರೆ ಇಲ್ಲ. ಲೆಕ್ಕ ಬೇಗ ಮುಗಿಯುತ್ತದೆ ಎಂಬುದು ಇದರ ಗುಣ. ಆದರೆ ಮಳೆಮಾಪಕದ ಮೇಲೆ ಬಿದ್ದ ಮಳೆ ಪಕ್ಕದ ಹಳ್ಳಿಯ ಹೊಲದ ಮೇಲೆ ಬೀಳದೆ ಹೋಗಬಹುದು. ಆಗ ಒಣಗಿದ ಹೊಲದ ಒಡೆಯನಿಗೆ ಏನೂ ಸಿಗದು. ‘ಹೀಗಾದರೆ ಹೀಗೆ’ ಎಂಬ ಪ್ರತಿಯೊಂದು ಕರಾರಿನಲ್ಲೂ ಈ ಅಪಾಯ ಇದ್ದೇ ಇದೆ.

ಕಾಲ ಬದಲಾದರೆ? ಪೆರಿಯಾರ್ ಕರಾರಿನ ಪಾಠ

ಕಂಬಂ ಕಣಿವೆಯಲ್ಲಿ ನೀರು ಹರಿಯುತ್ತಿರುವುದೇ ಒಂದು ಕರಾರಿನ ಬಲದಿಂದ. 1886ರ ಅಕ್ಟೋಬರ್ 29ರಂದು ತಿರುವಾಂಕೂರು ಸಂಸ್ಥಾನವೂ ಅಂದಿನ ಬ್ರಿಟಿಷ್ ಸರ್ಕಾರವೂ ಮಾಡಿಕೊಂಡ ಪೆರಿಯಾರ್ ಗುತ್ತಿಗೆ ಕರಾರಿನ ಅವಧಿ 999 ವರ್ಷ. ಸುಮಾರು 8,000 ಎಕರೆಗೆ ಎಕರೆಯೊಂದಕ್ಕೆ ವರ್ಷಕ್ಕೆ 5 ರೂಪಾಯಿಯಂತೆ ಬಾಡಿಗೆ. ಪೆನ್ನಿಕ್ವಿಕ್ ದೊರೆ ಕಟ್ಟಿಸಿದ ಅಣೆಕಟ್ಟು 1895ರಲ್ಲಿ ಪೂರ್ಣವಾಯಿತು.

1886ರಲ್ಲಿ ಕರಾರು ಬರೆದವರು ನೀರಾವರಿಯನ್ನು ಯೋಚಿಸಿದ್ದರು. ಆ ನೀರಿನಿಂದ ವಿದ್ಯುತ್ತನ್ನೂ ತೆಗೆಯಬಹುದೆಂಬುದು ಅವರ ಲೆಕ್ಕದಲ್ಲಿರಲಿಲ್ಲ. ಮುಂದೆ ಮದರಾಸು ಸರ್ಕಾರ ವಿದ್ಯುತ್ ತೆಗೆಯಲು ಹೊರಟಾಗ ವಿವಾದವೆದ್ದಿತು. ಕರಾರಿನಲ್ಲಿಯೇ ಇದ್ದ ಪಂಚಾಯಿತಿ ಷರತ್ತಿನಂತೆ ವಿಷಯ ಮಧ್ಯಸ್ಥರ ಮುಂದೆ ಹೋಗಿ, ನೀರು ನೀರಾವರಿಗೆ ಮಾತ್ರ ಎಂದು 1941ರಲ್ಲಿ ತೀರ್ಮಾನವಾಯಿತು. ಅಷ್ಟಕ್ಕೇ ಬಾಗಿಲು ಮುಚ್ಚಲಿಲ್ಲ. 1970ರ ಮೇ 29ರಂದು ಕೇರಳ ಮತ್ತು ತಮಿಳುನಾಡು ಪೂರಕ ಕರಾರು ಮಾಡಿಕೊಂಡು ವಿದ್ಯುತ್ತಿಗೆ ಒಪ್ಪಿಗೆ ಕೊಟ್ಟವು, ಎಕರೆಯ ಬಾಡಿಗೆ 30 ರೂಪಾಯಿಗೆ ಏರಿತು. ಅಣೆಕಟ್ಟಿನ ನೀರಿನ ಮಟ್ಟದ ವಿವಾದದಲ್ಲಿ ಸುಪ್ರೀಂ ಕೋರ್ಟು 2014ರ ಮೇ 7ರಂದು ಹಳೆಯ ಕರಾರು ಊರ್ಜಿತವೆಂದು ಹೇಳಿ 142 ಅಡಿ ನೀರು ನಿಲ್ಲಿಸಲು ಒಪ್ಪಿತು.

ಇದರಿಂದ ಕಲಿಯುವುದೇನು? ಬರೆದವರು ಊಹಿಸದೇ ಇದ್ದ ಸಂಗತಿಗಳು ಬಂದಾಗ ಅರ್ಥ ಹೇಳುವವರು, ತಿದ್ದಿಕೊಳ್ಳುವ ದಾರಿ, ಮೇಲೆ ಕೇಳುವ ಜಾಗ ಇದ್ದುದರಿಂದಲೇ ಆ ಕರಾರು ಇಂದಿಗೂ ಬಾಳುತ್ತಿದೆ. ಬರೆದ ಆಜ್ಞೆಯನ್ನು ಮಾತ್ರ ನಡೆಸುವ ಯಂತ್ರಕ್ಕೆ ಈ ಶಕ್ತಿಯಿಲ್ಲ.

‘ಆಜ್ಞೆಯೇ ಕಾನೂನು’ ಎಂದು ನಂಬಿದವರಿಗೂ ಈ ಪಾಠ ಆಗಿದೆ. 2016ರಲ್ಲಿ ಇಥೀರಿಯಂ ಜಾಲದ ಮೇಲೆ ‘ದಿ ಡಿ.ಎ.ಓ.’ ಎಂಬ ಹೂಡಿಕೆ ನಿಧಿಯೊಂದು ಎದ್ದಿತು. ಜೂನ್ ತಿಂಗಳಲ್ಲಿ ಯಾರೋ ಅದರ ಆಜ್ಞೆಗಳಲ್ಲಿದ್ದ ಕಂಡಿಯೊಂದನ್ನು ಹಿಡಿದು ಸುಮಾರು 36 ಲಕ್ಷ ಈಥರ್ ನಾಣ್ಯಗಳನ್ನು ಹೊರಗೆಳೆದುಕೊಂಡರು. ಯಂತ್ರವು ಬರೆದದ್ದನ್ನು ಬರೆದಂತೆಯೇ ನಡೆಸಿತ್ತು. ಕೊನೆಗೆ ಜಾಲದ ಬಹುಪಾಲು ಜನ ಸೇರಿ ಜುಲೈಯಲ್ಲಿ ಆ ತಿದ್ದಲಾಗದ ಪುಸ್ತಕವನ್ನೇ ತಿದ್ದಿ ಹಣ ವಾಪಸು ಬರುವಂತೆ ಮಾಡಬೇಕಾಯಿತು. ಒಪ್ಪದವರು ಹಳೆಯ ಪುಸ್ತಕವನ್ನೇ ಇಟ್ಟುಕೊಂಡು ಬೇರೆಯಾದರು.

ಕೋರ್ಟಿಗೆ ಹೋಗಬೇಕಾದವರು ಯಾರು?

ಈ ಲೇಖನದ ಮುಖ್ಯ ಮಾತು ಇದು. ಕಾಗದದ ಕರಾರಿನಲ್ಲಿ ಒಬ್ಬರು ಮಾತಿಗೆ ತಪ್ಪಿದರೆ, ನಷ್ಟವಾದವರು 73ನೇ ಸೆಕ್ಷನ್ನಿನಂತೆ ಪರಿಹಾರ ಕೇಳಿಕೊಂಡು ಕೋರ್ಟಿಗೆ ಹೋಗಬೇಕು. ಕಾರ್ಖಾನೆ ಹಣ ಕೊಡದಿದ್ದರೆ ಅಲೆಯುವವನು ಬೆಳೆಗಾರ. ತಾನೇ ನಡೆಯುವ ಕರಾರಿನಲ್ಲಿ ಹಣ ಮೊದಲು ಹೋಗಿಬಿಡುತ್ತದೆ, ಅದು ಅನ್ಯಾಯವೆಂದು ತೋರಿಸುವ ಹೊರೆ ಹಣ ಕಳೆದುಕೊಂಡವನ ಮೇಲೆ ಬೀಳುತ್ತದೆ. ಆದುದರಿಂದ ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಉತ್ತರ ಸಿಗದು. ಯಾವ ಷರತ್ತನ್ನು ಯಂತ್ರಕ್ಕೆ ಕೊಟ್ಟಿದ್ದಾರೆ ಎಂದು ಕೇಳಬೇಕು.

(ಅ) ಯಂತ್ರಕ್ಕೆ ಕೊಡಬಹುದಾದದ್ದು: ಕಬ್ಬಿನ ಬೆಲೆಯ ಲೆಕ್ಕ ಮತ್ತು ಪಾವತಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಎಫ್.ಆರ್.ಪಿ. ದರ ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಾಲಿಗೆ ರೂ. 355. ಇಳುವರಿ ಶೇ. 0.1 ಏರಿದರೆ ರೂ. 3.46 ಹೆಚ್ಚು, ಇಳಿದರೆ ಅಷ್ಟೇ ಕಡಿಮೆ. ಆದರೆ ಇಳುವರಿ ಶೇ. 9.5ಕ್ಕಿಂತ ಕಡಿಮೆಯಿರುವ ಕಾರ್ಖಾನೆಗಳಲ್ಲಿ ಮತ್ತೆ ಕಡಿತವಿಲ್ಲ, ಅಲ್ಲಿ ರೂ. 329.05. ಇದು ಶುದ್ಧ ಗಣಿತ. 1966ರ ಕಬ್ಬು (ನಿಯಂತ್ರಣ) ಆದೇಶದಂತೆ ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದ ಅವಧಿಗೆ ವರ್ಷಕ್ಕೆ ಶೇ. 15ರಂತೆ ಬಡ್ಡಿ ಕೊಡಬೇಕು. ಇದೂ ಗಣಿತವೇ.

ಉದಾಹರಣೆಗೆ, ಇಳುವರಿ ಶೇ. 9.5 ಇರುವ ಕಾರ್ಖಾನೆಗೆ ಸದಸ್ಯರೊಬ್ಬರು 40 ಟನ್ ಕಬ್ಬು ಒಪ್ಪಿಸಿ, ಹಣ 74ನೇ ದಿನ ಬಂದಿತೆಂದುಕೊಳ್ಳೋಣ.

ಕಬ್ಬಿನ ಬೆಲೆ: 40 ಟನ್ × ರೂ. 3,290.50 = ರೂ. 1,31,620
ತಡವಾದ ದಿನಗಳು: 74 − 14 = 60
ಬಡ್ಡಿ: 1,31,620 × 15/100 × 60/365 = ಸುಮಾರು ರೂ. 3,245

ಈ ಬಡ್ಡಿಗಾಗಿ ಅರ್ಜಿ ಹಿಡಿದು ಅಲೆಯುವುದು ಎಷ್ಟು ಮಂದಿಗೆ ಸಾಧ್ಯ? ಯಂತ್ರವಾದರೆ 15ನೇ ದಿನದಿಂದ ತಾನೇ ಲೆಕ್ಕ ಹಾಕುತ್ತದೆ. ಕೇಳದೆಯೂ ಸಿಗಬೇಕಾದ ಹಕ್ಕು ಕೇಳದೆಯೇ ಸಿಗುತ್ತದೆ. ಒಂದು ಮಾತು ಮಾತ್ರ ನೆನಪಿರಲಿ: ಕಾರ್ಖಾನೆಯ ಖಾತೆಯಲ್ಲಿ ಹಣವೇ ಇಲ್ಲದಿದ್ದರೆ ಯಾವ ಯಂತ್ರವೂ ಹಣ ಹುಟ್ಟಿಸಲಾರದು. ಸಕ್ಕರೆ ಮಾರಿದ ಹಣದಲ್ಲಿ ಬೆಳೆಗಾರರ ಪಾಲನ್ನು ಮೊದಲೇ ಬೇರೆ ಖಾತೆಗೆ ತೆಗೆದಿಟ್ಟರೆ ಮಾತ್ರ ಇಂಥ ಕರಾರಿಗೆ ಬೆಲೆ.

(ಆ) ಯಂತ್ರಕ್ಕೆ ಕೊಡಬಾರದ್ದು: ದಂಡ ಮತ್ತು ಕಡಿತ. ಬೆಂಕಿ ಬಿದ್ದ ಕಬ್ಬು, ಗಾಳಿಗೆ ಮಲಗಿದ ಕಬ್ಬು, ಕೆಂಪು ಕೊಳೆ ರೋಗ, ಕೂಲಿಯಾಳು ಸಿಗದೆ ತಡವಾದ ಕಟಾವು, ದಾರಿಯಲ್ಲಿ ಕೆಟ್ಟು ನಿಂತ ಲಾರಿ, ರವದಿ-ಸೋಗೆ ಬೆರೆತಿದೆ ಎಂಬ ಆಕ್ಷೇಪಣೆ ಇವುಗಳಲ್ಲಿ ತಪ್ಪು ಯಾರದೆಂದು ಅಂಕಿ ಹೇಳಲಾರದು. ಕಟಿಂಗ್ ಆರ್ಡರ್ ತಡವಾಗಿ ಬಂದುದರಿಂದಲೇ ಕಬ್ಬು ಒಣಗಿರಬಹುದು.

ಇಲ್ಲಿ ಕಾನೂನು ಯಂತ್ರಕ್ಕಿಂತ ಮೃದು. ಒಪ್ಪಿದಷ್ಟು ಕಬ್ಬು ಕೊಡದಿದ್ದರೆ ಟನ್ನಿಗೆ ಇಷ್ಟು ದಂಡ ಎಂದು ಬರೆದಿದ್ದರೂ, 74ನೇ ಸೆಕ್ಷನ್ನಿನಂತೆ ಕೋರ್ಟು ಪೂರ್ತಿ ಮೊತ್ತ ಕೊಡಿಸಲೇಬೇಕೆಂದಿಲ್ಲ. ಆ ಮೊತ್ತವನ್ನು ಮೀರದಂತೆ ನ್ಯಾಯವೆನಿಸುವ ಪರಿಹಾರ ಮಾತ್ರ ಕೊಡಿಸುತ್ತದೆ. ಕರಾರು ನಡೆಸುವುದೇ ಅಸಾಧ್ಯವಾಗಿಬಿಟ್ಟರೆ 56ನೇ ಸೆಕ್ಷನ್ ಇದೆ. ಯಂತ್ರಕ್ಕೆ ಈ ಎರಡೂ ಸೆಕ್ಷನ್ ಗೊತ್ತಿಲ್ಲ. ಅದು ಪೂರ್ತಿ ದಂಡವನ್ನು ತಾವು ಮಲಗಿದ್ದಾಗಲೇ ಮುರಿದುಕೊಳ್ಳುತ್ತದೆ.

‘ಕಂಪ್ಯೂಟರಿನ ತೀರ್ಮಾನವೇ ಕೊನೆ, ಯಾವ ಕೋರ್ಟಿಗೂ ಹೋಗುವಂತಿಲ್ಲ’ ಎಂದು ಎಲ್ಲಾದರೂ ಬರೆದಿದ್ದರೆ ಹೆದರಬೇಕಾಗಿಲ್ಲ. ಹಕ್ಕು ಕೇಳುವ ಕಾನೂನಿನ ದಾರಿಯನ್ನು ಪೂರ್ತಿ ಮುಚ್ಚುವ ಷರತ್ತು 28ನೇ ಸೆಕ್ಷನ್ನಿನಂತೆ ಶೂನ್ಯ. ವಿವಾದವನ್ನು ಪಂಚಾಯಿತಿದಾರರಿಗೆ ಒಪ್ಪಿಸುವ ಷರತ್ತು ಮಾತ್ರ ಊರ್ಜಿತ.

ಒಂದು ಎಚ್ಚರಿಕೆ

14 ದಿನಗಳ ನಿಯಮದಲ್ಲಿ ಒಂದು ಸಣ್ಣ ಬಾಗಿಲಿದೆ. ‘ಬೇರೆ ರೀತಿಯ ಲಿಖಿತ ಒಪ್ಪಂದ ಇಲ್ಲದಿದ್ದರೆ’ ಎಂಬ ಮಾತು ಆದೇಶದಲ್ಲಿಯೇ ಇದೆ. ಅಂದರೆ ಹಣವನ್ನು ಕಂತಿನಲ್ಲಿ ಪಡೆಯುತ್ತೇನೆಂದೋ ತಡವಾಗಿ ಪಡೆಯುತ್ತೇನೆಂದೋ ಬರೆದುಕೊಟ್ಟವರಿಗೆ 14 ದಿನಗಳ ರಕ್ಷಣೆ ತಪ್ಪಿಹೋಗಬಹುದು. ಮಾಹಿತಿ ತಂತ್ರಜ್ಞಾನ ಕಾಯಿದೆಯ 4ನೇ ಸೆಕ್ಷನ್ ವಿದ್ಯುನ್ಮಾನ ದಾಖಲೆಗೂ ಬರವಣಿಗೆಯ ಮಾನ್ಯತೆ ಕೊಟ್ಟಿರುವುದರಿಂದ, ಫೋನಿನಲ್ಲಿ ‘ಒಪ್ಪಿದ್ದೇನೆ’ ಎಂದು ಒತ್ತಿದ್ದೂ ಲಿಖಿತ ಒಪ್ಪಂದವೆಂದು ವಾದಿಸಲು ಅವಕಾಶವಾಗುತ್ತದೆ. ಒಂದು ಬೆರಳಿನ ಒತ್ತು ಒಂದು ಹಂಗಾಮಿನ ಬಡ್ಡಿಯನ್ನು ಕಳೆಯಬಲ್ಲದು. ಹೊಸ ನೋಂದಣಿಯ ಸಮಯದಲ್ಲಿ ಮೊದಲು ನೋಡಬೇಕಾದ ಷರತ್ತು ಇದೇ.

ಸದಸ್ಯರು ಪಾಲಿಸಬೇಕಾದ ಅಂಶಗಳು

1. ಕರಾರು ಕಾಗದದ್ದಿರಲಿ, ಫೋನಿನದ್ದಿರಲಿ, ತಮಗೆ ತಿಳಿಯುವ ಮಾತಿನಲ್ಲಿ ಪೂರ್ತಿ ಓದಿಸಿ ಕೇಳಿ. ಅಚ್ಚಾದ ಪ್ರತಿಯೊಂದನ್ನು ಪಡೆದು ಮನೆಯಲ್ಲಿಡಿ.
2. ಬರೆದ ಕರಾರಿಗೂ ಕಂಪ್ಯೂಟರ್ ನಡೆಸುವುದಕ್ಕೂ ವ್ಯತ್ಯಾಸ ಕಂಡರೆ ಬರೆದ ಕರಾರೇ ಮೇಲು ಎಂಬ ಷರತ್ತು ಇರಬೇಕೆಂದು ಕೇಳಿ.
3. ಬೆಲೆ, 14 ದಿನ, ಬಡ್ಡಿ ಇವು ತಾನಾಗಿ ನಡೆಯಲಿ. ದಂಡ ಮತ್ತು ಕಡಿತಗಳಿಗೆ ಮುಂಚೆ ನೋಟೀಸು, ಉತ್ತರ ಕೊಡಲು ಕಾಲಾವಕಾಶ, ಹೊಲ ನೋಡಿ ತೀರ್ಮಾನಿಸುವ ಅಧಿಕಾರಿ ಇರಬೇಕು.
4. ಬೆಳೆ ಸಾಲ, ಬಿತ್ತನೆ ಕಬ್ಬು, ಗೊಬ್ಬರದ ಮುಂಗಡ ಯಾವುದು ಮೊದಲು ಮುರಿಯುತ್ತದೆ ಎಂಬ ಕ್ರಮವನ್ನು ಬರೆಯಿಸಿಕೊಳ್ಳಿ.
5. ತೂಕದ ಚೀಟಿ, ಫೋನಿನ ಸಂದೇಶಗಳನ್ನು ಅಳಿಸಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಂತೆ, ಗೊತ್ತಾದ ಪ್ರಮಾಣಪತ್ರದೊಂದಿಗೆ ಅವೂ ಸಾಕ್ಷ್ಯವಾಗುತ್ತವೆ.
6. ಓ.ಟಿ.ಪಿ.ಯನ್ನು ಮೇಸ್ತ್ರಿಗಾಗಲಿ, ಲಾರಿಯವರಿಗಾಗಲಿ, ಸಂಘದ ಸಿಬ್ಬಂದಿಗಾಗಲಿ ಹೇಳಬೇಡಿ. ಪಟ್ಟೆದಾರರು ತೀರಿಕೊಂಡಿದ್ದರೆ ಅವರ ಹೆಸರಿನ ನೋಂದಣಿಯನ್ನು ಮುಂದುವರಿಸದೆ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ.

ಸಹಕಾರಿ ಕಾರ್ಖಾನೆಯಲ್ಲಿ ಸದಸ್ಯರು ಕಬ್ಬು ಮಾರುವವರೂ ಹೌದು, ಒಡೆಯರೂ ಹೌದು. ಕಂಪ್ಯೂಟರಿಗೆ ಯಾವ ಆಜ್ಞೆ ಬರೆಯಬೇಕೆಂಬುದು ತಜ್ಞರಿಗೆ ಮಾತ್ರ ಸೇರಿದ ವಿಷಯವಲ್ಲ. ಅದು ಮಹಾಸಭೆಯಲ್ಲಿ ಓದಿ, ಚರ್ಚಿಸಿ, ಗೊತ್ತುವಳಿ ಮಾಡಬೇಕಾದ ವಿಷಯ. ಅಂಥ ಯೋಜನೆ ಸಭೆಯ ಮುಂದೆ ಬಂದ ದಿನ ‘ಹಣ ಕೊಡುವುದನ್ನು ಯಂತ್ರ ನಡೆಸುತ್ತದೆಯೋ, ಹಣ ಮುರಿಯುವುದನ್ನು ನಡೆಸುತ್ತದೆಯೋ?’ ಎಂಬ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ. ಕರಾರಿನ ಪ್ರತಿಯಲ್ಲಿ ಅರ್ಥವಾಗದ ಷರತ್ತು ಇದ್ದರೆ ತಮ್ಮ ಭಾಗದ ಕಬ್ಬು ಸಹಾಯಕರ ಮೂಲಕವಾಗಲಿ ನೇರವಾಗಿಯಾಗಲಿ ಕಬ್ಬು ವಿಭಾಗಕ್ಕೆ ತಂದು ತೋರಿಸಬಹುದು. ಕನ್ನಡದಲ್ಲಿ ಓದಿ ತಿಳಿಸಲಾಗುವುದು.